ಯೋಧ, ಗೃಹಸ್ಥ, ವಿನೋದಪ್ರಿಯ: ಪ್ರಾಧ್ಯಾಪಕ ಟೋಲ್ಕಿನ್ನರ ಜೀವನ ಸ್ಮರಣೆ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ಧರ್ಮಾಧ್ಯಕ್ಷರ ಆಶೀರ್ವಚನ, ದೇವಾಲಯವನ್ನು ಕಟ್ಟಿಸಿದ ಗುರುಗಳ ಭಾವಚಿತ್ರ, ಪಾಲಕ ಸಂತರ ಚರಿತ್ರೆ ಇವೆಲ್ಲ ಇರಲೇಬೇಕು, ಇವೆ. ಆದರೆ ನೂರು ವರ್ಷಗಳ ಕಾಲ ಈ ದೇವಾಲಯದ ಬೆಂಚುಗಳನ್ನು ತುಂಬಿದವರು ಬಹುಮಟ್ಟಿಗೆ ಸಂತರೂ ಅಲ್ಲ, ಗುರುಗಳೂ ಅಲ್ಲ. ಹೆಂಡತಿ ಮಕ್ಕಳನ್ನು ಸಾಕಿ, ಸಾಲಸೋಲಗಳನ್ನು ತೀರಿಸಿ, ಭಾನುವಾರದ ಪೂಜೆಗೆ ತಪ್ಪದೆ ಬಂದ ಗೃಹಸ್ಥರು ಅವರು. ಸೈನ್ಯದಿಂದ ನಿವೃತ್ತರಾಗಿ ಬಂದ ಕೆಲವು ಹಿರಿಯರೂ ನಮ್ಮ ಧರ್ಮಕೇಂದ್ರದಲ್ಲಿದ್ದಾರೆ. ಅವರು ಯುದ್ಧದ ಮಾತೆತ್ತಿದರೆ ಅದು ಯಾವಾಗಲೂ ಒಂದು ನಗೆಯ ಪ್ರಸಂಗವಾಗಿಯೇ ಬರುತ್ತದೆ. ಆ ನಗೆಯ ಹಿಂದೆ ಏನಿದೆಯೆಂಬುದನ್ನು ಅವರು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ದೂರದೇಶದ ಒಬ್ಬ ಯೋಧ ಗೃಹಸ್ಥನ ಜೀವನವನ್ನು ಇಲ್ಲಿ ಸ್ಮರಿಸಲು ನಾವು ತೊಡಗಿದ್ದೇವೆ.

ಅವರ ಹೆಸರು ಜಾನ್ ರೊನಾಲ್ಡ್ ರೂವೆಲ್ ಟೋಲ್ಕಿನ್. ‘ದ ಹಾಬಿಟ್’ ಮತ್ತು ‘ದ ಲಾರ್ಡ್ ಆಫ್ ದ ರಿಂಗ್ಸ್’ ಎಂಬ ಪುಸ್ತಕಗಳ ಕರ್ತೃವೆಂದು ಲೋಕವೆಲ್ಲ ಅವರನ್ನು ಬಲ್ಲದು. 2001ರಿಂದ 2003ರವರೆಗೆ ಬಂದ ಮೂರು ಚಲನಚಿತ್ರಗಳ ಮೂಲಕ ನಮ್ಮ ಯುವಜನರಿಗೂ ಆ ಹೆಸರು ಪರಿಚಿತವಾಗಿದೆ. ಇಂಗ್ಲಿಷ್ ಕಥೆಗಾರನೊಬ್ಬನಿಗೂ ನಮ್ಮ ಚರ್ಚಿನ ನೂರು ವರ್ಷಕ್ಕೂ ಏನು ಸಂಬಂಧವೆಂದು ಸಂಪಾದಕ ಮಂಡಳಿಯ ತರುಣರು ನಮ್ಮನ್ನು ಕೇಳಿದರು. ಕಥೆಗಾರನ ವಿಷಯ ನಮಗೆ ಇಲ್ಲಿ ಬೇಕಾಗಿಲ್ಲ. ಮೊದಲನೆಯ ಮಹಾಯುದ್ಧದಿಂದ ಬದುಕಿ ಬಂದು, ನಾಲ್ವರು ಮಕ್ಕಳನ್ನು ಬೆಳೆಸಿ, ಬೆಳಗಿನ ಪೂಜೆಗೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಒಬ್ಬ ಭಕ್ತವಿಶ್ವಾಸಿಯ ವಿಷಯ ಬೇಕಾಗಿದೆ. ಅಲ್ಲದೆ ಆ ಕಥೆಯಲ್ಲಿ ಒಬ್ಬ ಗುರುಗಳೂ ಬರುತ್ತಾರೆ. ಅವರು ಕೈಗೊಂಡ ಒಂದು ತೀರ್ಮಾನ ನಮ್ಮಂಥ ವಿಚಾರಣಾ ಗುರುಗಳ ನಿದ್ದೆ ಕೆಡಿಸುವಂಥದು. ಅದನ್ನು ಮುಂದೆ ಹೇಳುತ್ತೇವೆ.

ಟೋಲ್ಕಿನ್ನರು ಹುಟ್ಟಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್ ಎಂಬ ಊರಿನಲ್ಲಿ. ತಂದೆ ಆರ್ಥರ್ ಅಲ್ಲಿ ಬ್ಯಾಂಕಿನ ಅಧಿಕಾರಿ. 1895ರಲ್ಲಿ ತಾಯಿ ಮೇಬಲ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಇಂಗ್ಲೆಂಡಿಗೆ ಬಂದಳು. ಹಿಂದಿನಿಂದ ಬರಬೇಕಾಗಿದ್ದ ತಂದೆ ಬರಲೇ ಇಲ್ಲ. 1896ರಲ್ಲಿ ಅಲ್ಲಿಯೇ ಜ್ವರದಿಂದ ತೀರಿಕೊಂಡರು. ಮೇಬಲ್ ಬಂಧುಗಳ ಅಲ್ಪಸ್ವಲ್ಪ ನೆರವಿನಿಂದ ಮಕ್ಕಳನ್ನು ಸಾಕತೊಡಗಿದಳು. 1900ರಲ್ಲಿ ಆಕೆ ಕಥೋಲಿಕ ಧರ್ಮಸಭೆಯನ್ನು ಸೇರಿದಾಗ ಆ ನೆರವೂ ಬಹುಪಾಲು ನಿಂತುಹೋಯಿತು. ಹುಟ್ಟಿದ ಮನೆಯವರೂ ಸೇರಿದ ಮನೆಯವರೂ ಮುನಿದುಕೊಂಡರು. ಆದರೂ ಆಕೆ ಮಕ್ಕಳನ್ನು ಕೈಹಿಡಿದು ಪೂಜೆಗೆ ಕರೆದೊಯ್ಯುವುದನ್ನು ಬಿಡಲಿಲ್ಲ. 1904ರ ನವೆಂಬರಿನಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಆಕೆ ಮಧುಮೇಹಕ್ಕೆ ಬಲಿಯಾದಳು. ಇನ್ಸುಲಿನ್ ಔಷಧ ರೋಗಿಗಳ ಕೈಗೆ ಬಂದದ್ದು 1922ರಲ್ಲಿ. ತಾಯಿ ಧರ್ಮವಿಶ್ವಾಸಕ್ಕಾಗಿ ಪ್ರಾಣ ತೆತ್ತ ರಕ್ತಸಾಕ್ಷಿಯೆಂದೇ ಹಿರಿಯ ಮಗ ಕಡೆಯವರೆಗೂ ನಂಬಿದ್ದ. ಆಗ ಅವನಿಗೆ ಹನ್ನೆರಡು ವರ್ಷ.

ಸಾಯುವ ಮುನ್ನ ಮೇಬಲ್ ಮಕ್ಕಳನ್ನು ಒಬ್ಬ ಗುರುವಿನ ವಶಕ್ಕೆ ಒಪ್ಪಿಸಿದ್ದಳು. ಸಂತ ಜಾನ್ ಹೆನ್ರಿ ನ್ಯೂಮನ್ನರು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸ್ಥಾಪಿಸಿದ ಒರೆಟರಿ ಎಂಬ ಗುರುಸಮುದಾಯಕ್ಕೆ ಸೇರಿದ ಫಾದರ್ ಫ್ರಾನ್ಸಿಸ್ ಮಾರ್ಗನ್ನರೇ ಆ ಪೋಷಕರು. ಸ್ಪೇನ್ ದೇಶದ ನೆತ್ತರೂ ಅವರ ಮೈಯಲ್ಲಿ ಹರಿಯುತ್ತಿತ್ತು. ಗಟ್ಟಿ ದನಿ, ಗಟ್ಟಿ ನಗು. ತಾಯಿ ಬಿಟ್ಟುಹೋದ ಹಣ ಸಾಲದಾದಾಗ ತಮ್ಮ ಸ್ವಂತ ಆದಾಯದಿಂದ, ಹುಡುಗರಿಗೆ ತಿಳಿಯದಂತೆ, ಅದನ್ನು ತುಂಬುತ್ತಿದ್ದರು. ಹುಡುಗರಿಬ್ಬರೂ ಬೆಳಿಗ್ಗೆ ಎದ್ದು ಒರೆಟರಿಗೆ ಓಡಿ ಫಾದರ್ ಫ್ರಾನ್ಸಿಸರ ಪೂಜೆಗೆ ಸಹಾಯ ಮಾಡಿ, ಅಲ್ಲಿಯೇ ತಿಂಡಿ ತಿಂದು ಶಾಲೆಗೆ ಹೋಗುತ್ತಿದ್ದರು. ತಿಂಡಿಗೆ ಮುನ್ನ ಮತ್ತೊಂದು ಕೆಲಸವೂ ಇತ್ತು. ಅಡುಗೆಮನೆಯಿಂದ ಊಟದ ಕೋಣೆಗೆ ತಟ್ಟೆಗಳನ್ನು ಸಾಗಿಸುವ ತಿರುಗುವ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಅಡುಗೆಮನೆಯ ಬೆಕ್ಕನ್ನು ಕೂರಿಸಿ ತಿರುಗಿಸುವುದು! ನಮ್ಮ ಪೀಠಸೇವಕ ಬಾಲಕರ ತಂಟೆಗಳನ್ನು ಕಂಡು ಬೇಸರಗೊಳ್ಳುವ ತಾಯಂದಿರು ಇದನ್ನು ಓದಿ ಸಮಾಧಾನ ಪಡಬಹುದು.

ಈಗ ಆ ತೀರ್ಮಾನದ ಮಾತು. ರೊನಾಲ್ಡನಿಗೆ ಹದಿನಾರು ವರ್ಷವಾದಾಗ ತಾನು ಬಾಡಿಗೆಗಿದ್ದ ಮನೆಯಲ್ಲಿಯೇ ಎಡಿತ್ ಬ್ರಾಟ್ ಎಂಬ ತರುಣಿಯ ಪರಿಚಯವಾಯಿತು. ಆಕೆಯೂ ಅನಾಥೆ. ವಯಸ್ಸಿನಲ್ಲಿ ಮೂರು ವರ್ಷ ದೊಡ್ಡವಳು; ಆಗ ಕಥೋಲಿಕಳಲ್ಲ. ಇಬ್ಬರೂ ಟೀ ಅಂಗಡಿಯ ಮಹಡಿಯ ಮೇಲೆ ಕುಳಿತು, ಕೆಳಗೆ ರಸ್ತೆಯಲ್ಲಿ ಹೋಗುವವರ ಟೋಪಿಗಳೊಳಗೆ ಸಕ್ಕರೆ ಅಚ್ಚುಗಳನ್ನು ಎಸೆದು ನಗುತ್ತಿದ್ದರು. ಸುದ್ದಿ ಫಾದರ್ ಫ್ರಾನ್ಸಿಸರ ಕಿವಿಗೆ ಬಿತ್ತು. ಹುಡುಗ ಆಕ್ಸ್‌ಫರ್ಡಿನ ವಿದ್ಯಾರ್ಥಿವೇತನದ ಪರೀಕ್ಷೆಗೆ ಓದಬೇಕಾದ ಕಾಲ. ಆ ವೇತನವಿಲ್ಲದೆ ಓದು ಮುಂದುವರಿಯುವಂತಿರಲಿಲ್ಲ. ಮೊದಲ ಸಲ ಅವನಿಗೆ ಅದು ದೊರೆಯಲೂ ಇಲ್ಲ. 1910ರ ಆರಂಭದಲ್ಲಿ ಪೋಷಕರು ಖಡಾಖಂಡಿತವಾಗಿ ಆಜ್ಞಾಪಿಸಿದರು: ಇಪ್ಪತ್ತೊಂದು ವರ್ಷ ತುಂಬುವವರೆಗೆ ಆಕೆಯನ್ನು ಕಾಣಕೂಡದು, ಪತ್ರ ಬರೆಯಲೂ ಕೂಡದು.

ಹುಡುಗ ವಿಧೇಯನಾದ. ಸುಮಾರು ಮೂರು ವರ್ಷ ಒಂದು ಅಕ್ಷರವನ್ನೂ ಬರೆಯಲಿಲ್ಲ. 1913ರ ಜನವರಿ 3ರಂದು ಇಪ್ಪತ್ತೊಂದು ತುಂಬಿತು. ಆ ದಿನ ಗಡಿಯಾರ ಹನ್ನೆರಡು ಹೊಡೆಯುತ್ತಲೇ, ನಡುರಾತ್ರಿಯಲ್ಲಿ, ಹಾಸಿಗೆಯ ಮೇಲೆ ಎದ್ದು ಕುಳಿತು ಎಡಿತಳಿಗೆ ಪತ್ರ ಬರೆದ. ಆಕೆಯ ಉತ್ತರ ಬಂತು: ತನ್ನನ್ನು ಮರೆತಿರಬೇಕೆಂದು ಭಾವಿಸಿ ಆಕೆ ಮತ್ತೊಬ್ಬರೊಡನೆ ನಿಶ್ಚಿತಾರ್ಥ ಮಾಡಿಕೊಂಡಿದ್ದಳು. ರೊನಾಲ್ಡ್ ರೈಲು ಹತ್ತಿ ಆಕೆಯಿದ್ದ ಚೆಲ್ಟನ್‌ಹ್ಯಾಮಿಗೆ ಹೋದ. ಆ ದಿನ ಮುಗಿಯುವುದರೊಳಗಾಗಿ ಆಕೆ ಆ ಉಂಗುರವನ್ನು ಹಿಂದಿರುಗಿಸಲು ಒಪ್ಪಿದ್ದಳು.

ಫಾದರ್ ಫ್ರಾನ್ಸಿಸರು ಮಾಡಿದ್ದು ಸರಿಯೋ? ಗುರುಮಠದಲ್ಲಿ ನಾವು ನೀತಿಶಾಸ್ತ್ರವನ್ನು ಕಲಿತಾಗ ಇಂಥ ಪ್ರಶ್ನೆಗಳಿಗೆ ಉತ್ತರ ಬಹು ಸುಲಭವಾಗಿ ತೋರುತ್ತಿತ್ತು. ಮೂವತ್ತು ನಲವತ್ತು ವರ್ಷಗಳ ಕಾಲ ಧರ್ಮಕೇಂದ್ರಗಳಲ್ಲಿ ಹುಡುಗ ಹುಡುಗಿಯರ ಕಣ್ಣೀರನ್ನೂ, ತಂದೆತಾಯಿಗಳ ಕೋಪವನ್ನೂ ಕಂಡ ಬಳಿಕ ಅಷ್ಟು ಸುಲಭವಾಗಿ ತೋರುವುದಿಲ್ಲ. ‘ಬೇಡ’ ಎಂಬ ಮಾತನ್ನು ನಾವೂ ಹೇಳಿದ್ದೇವೆ. ಕೆಲವು ಸಲ ಹೇಳಬಾರದಿತ್ತೆಂದು ನಂತರ ಅನ್ನಿಸಿದೆ. ಟೋಲ್ಕಿನ್ನರು ಈ ಬಗ್ಗೆ ಏನೆಂದುಕೊಂಡರೆಂಬುದು 1941ರಲ್ಲಿ ಅವರು ತಮ್ಮ ಎರಡನೆಯ ಮಗ ಮೈಕೇಲನಿಗೆ ಬರೆದ ದೀರ್ಘ ಪತ್ರದಲ್ಲಿದೆ. ನಿಜವಾದ ಎಷ್ಟೋ ತಂದೆಯರಿಗಿಂತ ಮಿಗಿಲಾಗಿ ತನ್ನನ್ನು ನೋಡಿಕೊಂಡ ಪೋಷಕನ ಮನಸ್ಸನ್ನು ನೋಯಿಸಲು ತಾವು ಸಿದ್ಧರಿರಲಿಲ್ಲವೆಂದು ಅವರು ಬರೆಯುತ್ತಾರೆ. ಆ ಕಾಲ ಬಹಳ ಕಷ್ಟದ್ದಾಗಿತ್ತು, ಅದರ ಫಲವೆಲ್ಲವೂ ಒಳ್ಳೆಯದಾಗಿರಲಿಲ್ಲ, ಕಾಲೇಜಿನ ಮೊದಲ ವರ್ಷವನ್ನು ಸೋಮಾರಿತನದಲ್ಲಿ ಕಳೆದೆ ಎಂದೂ ಒಪ್ಪಿಕೊಳ್ಳುತ್ತಾರೆ. ಆದರೂ ಆ ಪ್ರೀತಿ ಬಾಳಿಕೆ ಬರುವಷ್ಟು ಮನಸ್ಸನ್ನು ಗಟ್ಟಿ ಮಾಡಲು ಬೇರೆ ಯಾವುದರಿಂದಲೂ ಬಹುಶಃ ಆಗುತ್ತಿರಲಿಲ್ಲವೆನ್ನುತ್ತಾರೆ. ಪೋಷಕನನ್ನು ದೂರುವುದಿಲ್ಲ, ನೋವನ್ನು ಮುಚ್ಚಿಡುವುದೂ ಇಲ್ಲ.

ಮದುವೆಯ ವಿಷಯವನ್ನು ಫಾದರ್ ಫ್ರಾನ್ಸಿಸರಿಗೆ ತಿಳಿಸಲು ಟೋಲ್ಕಿನ್ನರು ಅಂಜಿ ಅಂಜಿ ದಿನ ದೂಡಿದರು. ಕಡೆಗೆ ಎರಡು ವಾರವಿರುವಾಗ ಬರೆದರು. ಬಂದ ಉತ್ತರ ಹರಕೆಯದು; ಒರೆಟರಿಯಲ್ಲಿ ತಾವೇ ಮದುವೆ ನೆರವೇರಿಸುವೆವೆಂದು ಆ ವೃದ್ಧ ಗುರುಗಳು ಬರೆದಿದ್ದರು. ಅಷ್ಟರಲ್ಲಿ ಬೇರೆಡೆ ಏರ್ಪಾಟು ಮುಗಿದುಹೋಗಿತ್ತು. 1916ರ ಮಾರ್ಚ್ 22ರಂದು ವಾರಿಕ್ ಊರಿನ ನಿಷ್ಕಳಂಕ ಮಾತೆ ಮರಿಯಳ ದೇವಾಲಯದಲ್ಲಿ ವಿವಾಹ ನಡೆಯಿತು. ಎರಡೂವರೆ ತಿಂಗಳಾಗುವುದರೊಳಗೆ ವರನು ಫ್ರಾನ್ಸಿನ ರಣಭೂಮಿಯಲ್ಲಿದ್ದನು.

ಲ್ಯಾಂಕಶೈರ್ ಫ್ಯೂಸಿಲಿಯರ್ಸ್ ಪಡೆಯ 11ನೆಯ ಬೆಟಾಲಿಯನ್ನಿನಲ್ಲಿ ಅವರು ಸಿಗ್ನಲ್ ಅಧಿಕಾರಿ. ಪ್ರಯಾಣದಲ್ಲಿಯೇ ಮಡಿಸುವ ಮಂಚ, ಹಾಸಿಗೆ ಸಾಮಾನೆಲ್ಲ ಕಳೆದುಹೋಯಿತು. ಹೊರಟ ಗಳಿಗೆಯೇ ಹಾಗಿತ್ತು! ಪತ್ರಗಳಲ್ಲಿ ತಾನಿರುವ ಸ್ಥಳವನ್ನು ತಿಳಿಸಲು ಸೈನ್ಯದ ಅನುಮತಿಯಿರಲಿಲ್ಲ. ಗಂಡ ಹೆಂಡಿರು ಚುಕ್ಕಿಗಳ ಒಂದು ಗುಟ್ಟಿನ ಲಿಪಿಯನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರು. ಎಡಿತ್ ಗೋಡೆಯ ಮೇಲೆ ಭೂಪಟವನ್ನು ತೂಗುಹಾಕಿ, ಆ ಚುಕ್ಕಿಗಳನ್ನು ಓದಿ, ಗಂಡನು ಇಂದು ಎಲ್ಲಿರಬಹುದೆಂದು ಗುರುತು ಮಾಡುತ್ತಿದ್ದಳು. ನಮ್ಮ ಸೈನಿಕರ ಮನೆಗಳ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

1916ರ ಜುಲೈ 1ರಂದು ಸೋಮ್ ನದಿಯ ಪ್ರಾಂತದಲ್ಲಿ ಬ್ರಿಟಿಷ್ ಸೈನ್ಯ ಮುನ್ನುಗ್ಗಿತು. ಆ ಒಂದೇ ದಿನ ಸತ್ತವರು 19,240. ಗಾಯಗೊಂಡವರು, ಕಾಣೆಯಾದವರು ಸೇರಿ ಒಟ್ಟು 57,470. ಟೋಲ್ಕಿನ್ನರ ಬಾಲ್ಯಸ್ನೇಹಿತ ರಾಬ್ ಗಿಲ್ಸನ್ ಆ ದಿನ ಮಡಿದವರಲ್ಲೊಬ್ಬ. ಜುಲೈ ಮಧ್ಯದಲ್ಲಿ ಒವಿಲರ್ ಎಂಬ ಹಳ್ಳಿಯ ಕಾಳಗಕ್ಕೆ ಟೋಲ್ಕಿನ್ನರ ಬೆಟಾಲಿಯನ್ ಇಳಿಯಿತು. ಅದೇ ದಿನಗಳಲ್ಲಿ, ಜುಲೈ 14ರ ಸಂಜೆ, ಅದೇ ರಣಭೂಮಿಯ ಹೈ ವುಡ್ ಎಂಬ ಕಾಡಿನ ಬಳಿ ನಮ್ಮ ದೇಶದ ಡೆಕ್ಕನ್ ಹಾರ್ಸ್ ಕುದುರೆ ದಳದವರು ಈಟಿ ಹಿಡಿದು ಮುನ್ನುಗ್ಗಿದ್ದನ್ನು ಇಲ್ಲಿ ನೆನೆಯಬೇಕು. ಪರದೇಶದ ಆ ಗೋದಿಯ ಹೊಲಗಳಲ್ಲಿ ಮಣ್ಣಾದ ನಮ್ಮವರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ.

ಕಂದಕಗಳ ಬದುಕು ಎಂಥದೆಂಬುದನ್ನು ವರ್ಣಿಸುವುದಿಲ್ಲ. ಹೇನಿನ ಮಾತನ್ನು ಮಾತ್ರ ಹೇಳುತ್ತೇವೆ, ಏಕೆಂದರೆ ಅದೇ ಅವರ ಪ್ರಾಣ ಉಳಿಸಿತು. ಅದೇ ಬೆಟಾಲಿಯನ್ನಿನಲ್ಲಿದ್ದ ಸೇನಾ ಪಾದ್ರಿಯೊಬ್ಬರು ಬರೆದಿಟ್ಟಿರುವಂತೆ, ಒಂದು ರಾತ್ರಿ ನೆಲಮಾಳಿಗೆಯಲ್ಲಿ ಮಲಗಿದ್ದ ಅಧಿಕಾರಿಗಳ ಮೇಲೆ ಹೇನುಗಳು ದಂಡೆತ್ತಿ ಬಂದವು. ವೈದ್ಯಾಧಿಕಾರಿ ಕೊಟ್ಟ ಮುಲಾಮನ್ನು ಎಲ್ಲರೂ ಮೈತುಂಬ ಬಳಿದುಕೊಂಡರು. ಹೇನುಗಳೋ ಅದನ್ನು ಊಟಕ್ಕೆ ಮುಂಚಿನ ಉಪ್ಪಿನಕಾಯಿಯಂತೆ ಸವಿದು ಇಮ್ಮಡಿ ಹಸಿವಿನಿಂದ ಮೇಲೆ ಬಿದ್ದವು! ಈ ಹೇನುಗಳಿಂದಲೇ ಹರಡುವ ‘ಟ್ರೆಂಚ್ ಫೀವರ್’ ಎಂಬ ಜ್ವರ 1916ರ ಅಕ್ಟೋಬರ್ ಕಡೆಯಲ್ಲಿ ಟೋಲ್ಕಿನ್ನರನ್ನು ಹಿಡಿಯಿತು. ನವೆಂಬರಿನಲ್ಲಿ ಅವರನ್ನು ಹಡಗಿನ ಮೇಲೆ ಇಂಗ್ಲೆಂಡಿಗೆ ಕಳುಹಿಸಿದರು. ಜ್ವರ ಬಿಟ್ಟು ಬಿಟ್ಟು ಮರುಕಳಿಸಿ, ಯುದ್ಧ ಮುಗಿಯುವವರೆಗೂ ಅವರು ಮತ್ತೆ ಫ್ರಾನ್ಸಿಗೆ ಹೋಗದಂತೆ ಮಾಡಿತು. ಡಿಸೆಂಬರ್ 3ರಂದು ಮತ್ತೊಬ್ಬ ಆಪ್ತ ಗೆಳೆಯ ಜೆಫ್ರಿ ಸ್ಮಿತ್ ಸಿಡಿಗುಂಡಿನ ಗಾಯ ಕೊಳೆತು ತೀರಿಕೊಂಡ. ತಾನು ಸತ್ತರೂ, ತಾವೆಲ್ಲ ಹೇಳಬೇಕೆಂದಿದ್ದುದನ್ನು ಹೇಳಲು ಗುಂಪಿನಲ್ಲಿ ಯಾರಾದರೊಬ್ಬರು ಉಳಿದಿರುತ್ತಾರೆಂದು ಸ್ಮಿತ್ ಮೊದಲೇ ಪತ್ರ ಬರೆದಿದ್ದ. ಶಾಲೆಯ ದಿನಗಳ ಆ ನಾಲ್ವರ ಗೆಳೆತನದಲ್ಲಿ ಉಳಿದವರು ಇಬ್ಬರು. 1918ರ ಮೇ ತಿಂಗಳಲ್ಲಿ 11ನೆಯ ಬೆಟಾಲಿಯನ್ನೇ ಹೆಚ್ಚುಕಡಿಮೆ ನಾಶವಾಯಿತು. ಆಗ ಟೋಲ್ಕಿನ್ನರು ಇಂಗ್ಲೆಂಡಿನಲ್ಲಿದ್ದರು.

ಬದುಕಿ ಉಳಿದವನ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತ ಗುರುಗಳು ಸ್ವಲ್ಪ ಬಲ್ಲರು, ಹೇಳುವಂತಿಲ್ಲ. ಟೋಲ್ಕಿನ್ನರು ತಮ್ಮ ರಣಸಾಹಸಗಳನ್ನು ಎಲ್ಲಿಯೂ ಕೊಚ್ಚಿಕೊಳ್ಳಲಿಲ್ಲ. ತಮ್ಮೊಡನಿದ್ದ ಸಾಮಾನ್ಯ ಸಿಪಾಯಿಗಳೂ ಆರ್ಡರ್ಲಿಗಳೂ ತಮಗಿಂತ ಎಷ್ಟೋ ಮೇಲಾದ ಮನುಷ್ಯರೆಂದು ಹೇಳಿದರು. ಅವರ ದೊಡ್ಡ ಕಥೆಯಲ್ಲಿ ಒಡೆಯನನ್ನು ಹೊತ್ತು ಬೆಟ್ಟ ಹತ್ತುವ ತೋಟದ ಮಾಲಿ ಸ್ಯಾಮ್ ಎಂಬ ಪಾತ್ರ ಅಂಥ ಸಿಪಾಯಿಗಳ ಪ್ರತಿಬಿಂಬವೆಂಬುದು ಅವರದೇ ಮಾತು.

1917ರ ನವೆಂಬರಿನಲ್ಲಿ ಚೊಚ್ಚಲ ಮಗ ಹುಟ್ಟಿದ. ಜ್ಞಾನಸ್ನಾನ ಕೊಡಲು ಬರ್ಮಿಂಗ್‌ಹ್ಯಾಮಿನಿಂದ ಬಂದವರು ಫಾದರ್ ಫ್ರಾನ್ಸಿಸರೇ. ಮಗುವಿಗಿಟ್ಟ ಹೆಸರು ಜಾನ್ ಫ್ರಾನ್ಸಿಸ್. ಆಮೇಲೆ 1920ರಲ್ಲಿ ಮೈಕೇಲ್, 1924ರಲ್ಲಿ ಕ್ರಿಸ್ಟೋಫರ್, 1929ರಲ್ಲಿ ಪ್ರಿಸಿಲ್ಲ. ತಂದೆ 1920ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಸೇರಿ, 1925ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾದರು. ಪ್ರಾಧ್ಯಾಪಕರೆಂದ ಮಾತ್ರಕ್ಕೆ ಸಿರಿವಂತರೆಂದು ತಿಳಿಯಬಾರದು. ವೈದ್ಯರ ಬಿಲ್ಲಿಗೂ ಮಕ್ಕಳ ಶಾಲೆಗೂ ಹಣ ಸಾಲದೆ, ಬೇಸಗೆ ರಜದಲ್ಲೆಲ್ಲ ಪ್ರೌಢಶಾಲೆಯ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂರುತ್ತಿದ್ದರು. ಹಾಗೆ ತಿದ್ದುವಾಗ ಒಬ್ಬ ಪುಣ್ಯಾತ್ಮ ವಿದ್ಯಾರ್ಥಿ ಒಂದು ಪುಟವನ್ನು ಖಾಲಿ ಬಿಟ್ಟಿದ್ದ. ಆ ಖಾಲಿ ಪುಟದ ಮೇಲೆ ಅವರು, ಏಕೆಂದು ತಮಗೇ ತಿಳಿಯದೆ, ನೆಲದೊಳಗಿನ ಬಿಲದಲ್ಲಿ ವಾಸಿಸುವ ಹಾಬಿಟ್ ಎಂಬ ಜೀವಿಯ ಬಗ್ಗೆ ಒಂದು ವಾಕ್ಯ ಬರೆದರು. 1937ರಲ್ಲಿ ಅಚ್ಚಾದ ಪುಸ್ತಕ ಹುಟ್ಟಿದ್ದು ಹಾಗೆ. ಅದಕ್ಕೂ ಮುಂಚೆ ಆ ಕಥೆಯನ್ನು ಚಳಿಗಾಲದ ಸಂಜೆಗಳಲ್ಲಿ ಗಂಡುಮಕ್ಕಳಿಗೆ ಓದಿ ಹೇಳುತ್ತಿದ್ದರು. ನಾಲ್ಕೈದು ವರ್ಷದ ಕ್ರಿಸ್ಟೋಫರ್ ನಡುವೆ ಬಾಯಿಹಾಕಿ, ಹೋದ ಸಲ ಬಾಗಿಲು ನೀಲಿಯೆಂದು ಹೇಳಿದಿರಿ, ಈಗ ಹಸಿರು ಎನ್ನುತ್ತೀರಿ ಎಂದು ಆಕ್ಷೇಪಿಸಿದನಂತೆ. ತಂದೆ ಗೊಣಗಿಕೊಂಡು ಎದ್ದುಹೋಗಿ ಮೇಜಿನ ಮೇಲೆ ಗುರುತು ಬರೆದುಕೊಂಡು ಬಂದರು.

ಪ್ರತಿ ಡಿಸೆಂಬರಿನಲ್ಲಿ ಆ ಮನೆಗೆ ಉತ್ತರ ಧ್ರುವದಿಂದ ಕ್ರಿಸ್‌ಮಸ್ ತಾತನ ಪತ್ರ ಬರುತ್ತಿತ್ತು. ಮೂರು ವರ್ಷದ ಜಾನನಿಗೆ 1920ರಲ್ಲಿ ಮೊದಲನೆಯದು ಬಂತು. ಕಡೆಯದು 1943ರಲ್ಲಿ, ಪ್ರಿಸಿಲ್ಲಳಿಗೆ. ಮುದುಕನ ನಡುಗುವ ಕೈಬರಹ, ಬಣ್ಣದ ಚಿತ್ರಗಳು, ಕೈಯಿಂದಲೇ ಬರೆದ ಉತ್ತರ ಧ್ರುವದ ಅಂಚೆಚೀಟಿ. ತಾತನ ಸಹಾಯಕನಾದ ಹಿಮಕರಡಿಯೊಂದು ಪ್ರತಿವರ್ಷವೂ ಏನಾದರೊಂದನ್ನು ಕೆಡವಿ ಮುರಿದು ತಾತನ ತಾಳ್ಮೆಯನ್ನು ಪರೀಕ್ಷಿಸುತ್ತಿತ್ತು. ಕೆಲವು ಪತ್ರಗಳನ್ನು ತಂದುಕೊಡುವಂತೆ ಅಂಚೆಯವನನ್ನೇ ಒಪ್ಪಿಸಿದ್ದರು. ಇಪ್ಪತ್ತಮೂರು ವರ್ಷಗಳ ಈ ಪತ್ರಗಳು ಲೋಕಕ್ಕೆ ತಿಳಿದದ್ದು ಅವರು ತೀರಿಕೊಂಡ ಮೇಲೆ, 1976ರಲ್ಲಿ. ನಾಲ್ಕು ಮಕ್ಕಳಿಗಾಗಿ, ಬೇರೆ ಯಾರೂ ನೋಡದಿದ್ದರೂ, ಒಬ್ಬ ತಂದೆ ದಣಿದ ರಾತ್ರಿಗಳಲ್ಲಿ ಕುಳಿತು ಮಾಡಿದ ಕೆಲಸವದು.

ಅವರ ವಿನೋದ ಮಕ್ಕಳಿಗಷ್ಟೇ ಮೀಸಲಾಗಿರಲಿಲ್ಲ. ಔತಣಕೂಟವೊಂದರಲ್ಲಿ ಕುರಿಯುಣ್ಣೆಯ ನೆಲಹಾಸನ್ನು ಹೊದ್ದು, ಮುಖಕ್ಕೆ ಬಿಳಿಬಣ್ಣ ಬಳಿದುಕೊಂಡು ಹಿಮಕರಡಿಯಾದರು. ಮತ್ತೊಮ್ಮೆ ಪ್ರಾಚೀನ ಯೋಧನ ವೇಷದಲ್ಲಿ ಕೊಡಲಿ ಹಿಡಿದು ನೆರೆಮನೆಯವರನ್ನು ರಸ್ತೆಯುದ್ದಕ್ಕೂ ಅಟ್ಟಿಸಿಕೊಂಡು ಹೋದರು. 1932ರಲ್ಲಿ ಕಾರು ಕೊಂಡರು. ಆದರೆ ಕಾರು ನಡೆಸುವುದರಲ್ಲಿ ಅವರಿಗೆ ಧೈರ್ಯವಿದ್ದಷ್ಟು ಕೌಶಲವಿರಲಿಲ್ಲ. ನುಗ್ಗಿದರೆ ಎದುರಿನವರು ತಾವಾಗಿಯೇ ಚದುರುತ್ತಾರೆಂಬ ಯುದ್ಧನೀತಿಯನ್ನು ಆಕ್ಸ್‌ಫರ್ಡಿನ ಬೀದಿಗಳಲ್ಲಿ ಪ್ರಯೋಗಿಸಿದರು. ಒಮ್ಮೆ ಕಲ್ಲುಗೋಡೆಯ ಒಂದು ಭಾಗವನ್ನೇ ಕೆಡವಿದ ಮೇಲೆ ಎಡಿತಮ್ಮನವರು ಹಲವು ತಿಂಗಳು ಆ ಕಾರು ಹತ್ತಲಿಲ್ಲ. ಮುಪ್ಪಿನಲ್ಲಿ ಅಂಗಡಿಯವನಿಗೆ ಹಿಡಿ ಚಿಲ್ಲರೆ ಕೊಡುವಾಗ ಅದರ ನಡುವೆ ತಮ್ಮ ಕಟ್ಟಿಸಿದ ಹಲ್ಲನ್ನೂ ಸೇರಿಸಿಬಿಡುತ್ತಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಆ ಮನೆಯ ಒಂದು ನೋವನ್ನು ಮರೆಮಾಚಿದರೆ ನಮ್ಮ ಲೇಖನ ಬರಿಯ ಹೊಗಳಿಕೆಯಾದೀತು. ಮದುವೆಗೆ ಮುನ್ನ ಎಡಿತ್ ಕಥೋಲಿಕಳಾಗಬೇಕೆಂದು ಟೋಲ್ಕಿನ್ನರು ಒತ್ತಾಯಿಸಿದ್ದರು. 1914ರ ಜನವರಿಯಲ್ಲಿ ಆಕೆ ಧರ್ಮಸಭೆಗೆ ಸೇರಿದಳು. ಅದರ ಫಲವಾಗಿ ಆಶ್ರಯ ಕೊಟ್ಟಿದ್ದ ಮನೆಯಿಂದ ಹೊರಬೀಳಬೇಕಾಯಿತು. ತಾಯಿ ಪಟ್ಟ ಪಾಡನ್ನು ಕಂಡ ಮಗ, ಅದೇ ಪಾಡಿಗೆ ಮತ್ತೊಬ್ಬ ಹೆಣ್ಣನ್ನು ನೂಕಿದಂತಾಯಿತಲ್ಲವೆ? ವಿಶ್ವಾಸಕ್ಕಿಂತ ಪ್ರೀತಿಯ ಬಲದಿಂದಲೇ ಆಕೆ ಬಂದದ್ದು. ವರ್ಷಗಳು ಕಳೆದಂತೆ ಪಾಪನಿವೇದನೆಯ ಬಗ್ಗೆ ಆಕೆಗೆ ಅಸಮಾಧಾನ ಬೆಳೆಯಿತು. ಪೂಜೆಗೆ ಹೋಗುವುದು ವಿರಳವಾಯಿತು. ಗಂಡ ಮಕ್ಕಳನ್ನು ಕರೆದುಕೊಂಡು ಹೋಗುವುದೂ ಬೇಸರ ತಂದಿತು. ಟೋಲ್ಕಿನ್ನರಿಗೆ ಅದನ್ನು ಆಕೆಯೊಡನೆ ಶಾಂತವಾಗಿ ಮಾತನಾಡಲಾಗಲಿಲ್ಲ. 1940ರಲ್ಲಿ ಒಂದು ದಿನ ಕೋಪವೆಲ್ಲ ಸ್ಫೋಟಗೊಂಡು, ಮಾತೆಲ್ಲ ಹೊರಬಂದು, ಆಮೇಲೆ ಇಬ್ಬರೂ ರಾಜಿಯಾದರು. ಆಕೆ ಮತ್ತೆ ನಿಯಮದಂತೆ ಪೂಜೆಗೆ ಬರತೊಡಗಲಿಲ್ಲವಾದರೂ ಧರ್ಮಸಭೆಯ ಮೇಲಿನ ಮುನಿಸು ಹೋಯಿತು. ಮದುವೆಗಾಗಿ ಜ್ಞಾನೋಪದೇಶಕ್ಕೆ ಬರುವ ಹುಡುಗಿಯರ ಎದುರು ಕುಳಿತಾಗ ನಮಗೆ ಎಡಿತಮ್ಮನವರ ನೆನಪಾಗುತ್ತದೆ. ಅವಸರಪಡಿಸಬೇಡಿರೆಂದು ವರನ ಕಡೆಯವರಿಗೆ ಹೇಳುವುದನ್ನು ನಾವು ಕಲಿತದ್ದು ಅನುಭವದಿಂದ, ಸ್ವಲ್ಪಮಟ್ಟಿಗೆ ಈ ಚರಿತ್ರೆಯಿಂದಲೂ.

ತಮ್ಮ ವಿಶ್ವಾಸವೂ ಏರುಪೇರಿಲ್ಲದ ಹಾದಿಯಲ್ಲವೆಂದು ಟೋಲ್ಕಿನ್ನರು ಮಗನಿಗೆ ಬರೆದಿದ್ದಾರೆ. ಆಸರೆಯಾದದ್ದು ಪರಮಪ್ರಸಾದ. ಲೋಕದಲ್ಲಿ ಪ್ರೀತಿಸಲು ಯೋಗ್ಯವಾದ ಮಹತ್ತಾದ ಒಂದೇ ವಸ್ತುವೆಂದು ಮೈಕೇಲನಿಗೆ ಅದನ್ನೇ ಬೆರಳಿಟ್ಟು ತೋರಿಸಿದರು. ಆ ಪತ್ರ ಹೋದದ್ದು ಸೈನಿಕನಿಗೆ. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಮೈಕೇಲ್ ವಿಮಾನನಿರೋಧಕ ಫಿರಂಗಿಯ ದಳದಲ್ಲಿದ್ದ, ಕ್ರಿಸ್ಟೋಫರ್ ಮುಂದೆ ವಾಯುಪಡೆ ಸೇರಿ ತಂದೆ ಹುಟ್ಟಿದ ದಕ್ಷಿಣ ಆಫ್ರಿಕಕ್ಕೇ ತರಬೇತಿಗೆ ಹೋದ. ಸೋಮ್ ಕಂಡು ಬಂದ ತಂದೆ ಈಗ ಮನೆಯಲ್ಲಿ ಕುಳಿತು ಅಂಚೆಗೆ ಕಾಯುವ ಸರದಿ. ಬರೆಯುತ್ತಿದ್ದ ದೊಡ್ಡ ಕಥೆಯ ಅಧ್ಯಾಯಗಳನ್ನು ಒಂದೊಂದಾಗಿ ಕ್ರಿಸ್ಟೋಫರನಿಗೆ ಸಮುದ್ರದಾಚೆಗೆ ಕಳುಹಿಸುತ್ತಿದ್ದರು. 1954 ಮತ್ತು 1955ರಲ್ಲಿ ಅದು ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅದರ ಕೀರ್ತಿಯ ಕಥೆ ಎಲ್ಲರಿಗೂ ಗೊತ್ತಿದೆ. 1966ರಲ್ಲಿ ಪ್ರಕಟವಾದ ಇಂಗ್ಲಿಷ್ ಜೆರೂಸಲೇಮ್ ಬೈಬಲಿಗೆ ಪ್ರವಾದಿ ಯೋನನ ಗ್ರಂಥವನ್ನು ಅನುವಾದಿಸಿಕೊಟ್ಟವರೂ ಅವರೇ ಎಂಬುದು ಅಷ್ಟು ಜನರಿಗೆ ಗೊತ್ತಿಲ್ಲ.

ಆ ಹೊತ್ತಿಗೆ ಪೂಜೆಯ ಭಾಷೆ ಬದಲಾಗಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಲತೀನಿನ ಸ್ಥಾನಕ್ಕೆ ಇಂಗ್ಲಿಷ್ ಬಂದಿತ್ತು. ನಮ್ಮಲ್ಲಿ ಕನ್ನಡ ಬಂದಂತೆ. ಮೊಮ್ಮಗನೊಬ್ಬ ಬರೆದಿರುವಂತೆ, ಇಡೀ ದೇವಾಲಯ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರೆ ಅಜ್ಜ ಮಾತ್ರ ಗಟ್ಟಿ ದನಿಯಲ್ಲಿ ಲತೀನಿನಲ್ಲಿಯೇ ಉತ್ತರಿಸುತ್ತಿದ್ದರಂತೆ. ಹುಡುಗನಿಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸುತ್ತಿತ್ತು. ಅಜ್ಜನಿಗೆ ಅದರ ಪರಿವೆಯೇ ಇಲ್ಲ. ಕನ್ನಡ ಪೂಜೆ ನಮಗೆ ಪ್ರಾಣ. ಆದರೂ ‘ದೋಮಿನುಸ್ ವೊಬಿಸ್ಕುಮ್’ ಎಂದು ಕೊನೆಯವರೆಗೂ ಗೊಣಗುತ್ತಿದ್ದ ನಮ್ಮ ಕೆಲವು ಅಜ್ಜಂದಿರನ್ನು ನೆನೆದು, ಈ ವಿಷಯದಲ್ಲಿ ನಾವು ಪ್ರಾಧ್ಯಾಪಕರ ಮೇಲೆ ತೀರ್ಪು ಹೇಳುವುದಿಲ್ಲ.

1968ರಲ್ಲಿ ಅವರು ಆಕ್ಸ್‌ಫರ್ಡನ್ನು ಬಿಟ್ಟು ದಕ್ಷಿಣದ ಕಡಲ ತೀರದ ಬೋರ್ನ್‌ಮತ್ ಬಳಿಗೆ ಮನೆ ಬದಲಾಯಿಸಿದರು. ಅಲ್ಲಿ ಅವರಿಗೆ ಮಾತನಾಡಲು ಜೊತೆಯಿರಲಿಲ್ಲ, ಗ್ರಂಥಗಳ ಚರ್ಚೆಯಿರಲಿಲ್ಲ. ಹೋದದ್ದು ಎಡಿತಮ್ಮನವರಿಗಾಗಿ. ವಿದ್ವಾಂಸರ ಆ ಊರಿನಲ್ಲಿ ಆಕೆ ಎಂದೂ ನೆಮ್ಮದಿಯಿಂದಿರಲಿಲ್ಲ. ಸಂಧಿವಾತದಿಂದ ನಡೆದಾಡುವುದೂ ಕಷ್ಟವಾಗಿತ್ತು. ಕಡಲ ತೀರದ ಆ ಊರಿನ ಹೊಟೇಲೊಂದರಲ್ಲಿ ಆಕೆಗೆ ಗೆಳತಿಯರು ದೊರಕಿದ್ದರು. ಹೆಂಡತಿ ನಗುವುದನ್ನು ನೋಡುತ್ತ ಆತ ಮೂರು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿ ಕಳೆದರು. ಅವರ ಪುಸ್ತಕಗಳನ್ನು ಮೆಚ್ಚುವವರು ಈ ಸಂಗತಿಯನ್ನು ಹೆಚ್ಚಾಗಿ ಹೇಳುವುದಿಲ್ಲ. ನಮಗೆ ಇದು ಪುಸ್ತಕಗಳಿಗಿಂತ ಕಡಮೆಯೆಂದು ತೋರುವುದಿಲ್ಲ.

1971ರ ನವೆಂಬರ್ 29ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಎಡಿತ್ ತೀರಿಕೊಂಡರು. ಟೋಲ್ಕಿನ್ನರು ಆಕ್ಸ್‌ಫರ್ಡಿಗೆ ಮರಳಿದರು. 1973ರ ಸೆಪ್ಟೆಂಬರ್ 2ರಂದು ತಾವೂ ಪ್ರಭುವಿನಲ್ಲಿ ನಿದ್ರೆಹೋದರು. ನಾಲ್ಕು ದಿನಗಳ ಬಳಿಕ ಹೆಡಿಂಗ್ಟನ್ನಿನ ಸಂತ ಅಂತೋನಿಯವರ ದೇವಾಲಯದಲ್ಲಿ, 1946ರಲ್ಲಿ ಗುರುದೀಕ್ಷೆ ಪಡೆದಿದ್ದ ಹಿರಿಯ ಮಗ ಮೃತರ ಪೂಜೆಯನ್ನು ಅರ್ಪಿಸಿದನು. ಪ್ರಬೋಧನೆಯಿರಲಿಲ್ಲ, ಅವರ ಪುಸ್ತಕಗಳಿಂದ ಒಂದು ಸಾಲನ್ನೂ ಓದಲಿಲ್ಲ.

ಆಕ್ಸ್‌ಫರ್ಡಿನ ಹೊರವಲಯದ ವುಲ್ವರ್ಕೋಟ್ ಸ್ಮಶಾನದ ಕಥೋಲಿಕರ ಭಾಗದಲ್ಲಿ ಗಂಡ ಹೆಂಡಿರು ಒಂದೇ ಸಮಾಧಿಯಲ್ಲಿದ್ದಾರೆ. ಬೂದುಬಣ್ಣದ ಕಲ್ಲಿನ ಮೇಲೆ ಇಬ್ಬರ ಹೆಸರುಗಳ ಕೆಳಗೆ ಮತ್ತೆರಡು ಹೆಸರುಗಳಿವೆ: ಎಡಿತ್ ಹೆಸರಿನ ಕೆಳಗೆ ಲೂಥಿಯೆನ್, ಅವರ ಹೆಸರಿನ ಕೆಳಗೆ ಬೆರೆನ್. ಅವರು ಬರೆದ ಪುರಾಣದ ರಾಜಕುಮಾರಿಯೂ, ಅವಳಿಗಾಗಿ ಸಾವಿನ ಬಾಯಿಗೆ ಕೈಯಿಟ್ಟ ಮರ್ತ್ಯನೂ ಅವರು. ಆ ರಾಜಕುಮಾರಿ ಎಲ್ಲಿಂದ ಬಂದಳೆಂಬುದನ್ನು ಟೋಲ್ಕಿನ್ನರು ಮಕ್ಕಳಿಗೆ ತಿಳಿಸಿದ್ದರು. 1917ರಲ್ಲಿ, ಜ್ವರದಿಂದ ಚೇತರಿಸಿಕೊಂಡ ಸೈನಿಕನು ಯಾರ್ಕ್‌ಶೈರಿನ ರೂಸ್ ಎಂಬ ಹಳ್ಳಿಯ ಬಳಿ ಕಾವಲು ಠಾಣೆಯಲ್ಲಿದ್ದಾಗ, ಹೆಂಡತಿ ನೋಡಲು ಬಂದಿದ್ದಳು. ಇಬ್ಬರೂ ಹತ್ತಿರದ ಕಾಡಿಗೆ ನಡೆದುಹೋದರು. ಅಲ್ಲಿ ಬಿಳಿಯ ಹೂಗಳು ಎದೆಮಟ್ಟ ಬೆಳೆದು ನಿಂತಿದ್ದವು. ಆ ಹೂಗಳ ನಡುವೆ ಎಡಿತ್ ಅವರಿಗಾಗಿ ಹಾಡಿ ಕುಣಿದಳು.